ಹಾರ್ನಿಗೆ ಎದ್ದು ಕೂತ ಮಿದುಳು

ನಾನು ಹೇಳೋದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಕುರುಗೋಡಿನ ಬಸವಣ್ಣನ ಗುಡಿ ಹೊಸ್ತಿಲು ಮುಟ್ಟಿ ಹೇಳ್ತೀನಿ.

ನಿಕೋಟಿನ್ ಚಟ ಮಿದುಳನ್ನು ಹೇಗೆ ಹಿಡಿದುಕೊಳ್ಳುತ್ತದೆ ಅಂತ ನೋಡುವ ಪ್ರಯೋಗಾಲಯವೊಂದು ಬಳ್ಳಾರಿಯಲ್ಲಿದೆ. ನಾನು ಸಿರುಗುಪ್ಪ ಬಸ್ಸಿನ ಡ್ರೈವರ್, ಬೀಡಿ ಸೇದುವುದರಲ್ಲಿ ಜಿಲ್ಲೆಗೇ ಮೊದಲಿಗ. ನನ್ನನ್ನು ಬಿಟ್ಟು ಇನ್ಯಾರನ್ನು ಕರೆದಾರು? ತಲೆಗೆ ವೈರುಗಳ ಟೋಪಿ ಹಾಕಿ, ಪರದೆ ಮೇಲೆ ಸಿಗರೇಟು, ಬೀಡಿ, ಹೊಗೆಯ ಚಿತ್ರ ತೋರಿಸಿದರು. ಸೇದುವ ಆಸೆ ಹುಟ್ಟಿದರೆ ಜಿಗಿಯಬೇಕಿದ್ದ ಕಂಪ್ಯೂಟರಿನ ಗೆರೆ ಜಿಗಿಯಲೇ ಇಲ್ಲ.

ಸಂಶೋಧಕಿ ಮೇಡಂ ಮುಖ ಬಾಡಿತು. ಚಿತ್ರಗಳೆಲ್ಲ ಅವರೇ ಆರಿಸಿದ್ದು. ನನ್ನ ಮೇಲೂ ನಡೆಯದಿದ್ದರೆ ಪ್ರಯೋಗವನ್ನೇ ಕೈಬಿಡಬೇಕಂತೆ.

"ಕಾಕಾ, ಒಳಗ ಏನರ ಐತೋ, ಖಾಲಿ ಡಬ್ಬಿಗೆ ಟೋಪಿ ಹಾಕೀವೋ?" ಅಂದ, ಯಂತ್ರ ನೋಡಿಕೊಳ್ಳುವ ಸಿದ್ದ.

"ಲೇ, ನಿನ್ನ ಮಷೀನೇ ಮಕ್ಕೊಂಡೈತಿ ನೋಡು!"

ಅಷ್ಟರಲ್ಲಿ ಹೊರಗೆ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಗೆರೆ ಕಪ್ಪೆಯಂತೆ ಜಿಗಿಯಿತು!

"ಏನ್ರೀ ಇದು?" ಮೇಡಂ ಎದ್ದೇ ನಿಂತರು.

"ಕುರುಗೋಡಿನ್ಯಾಗ ಎದುರು ಬಸ್ಸು ಬಂದು ಹಾರ್ನ್ ಹೊಡದ್ರ ನಾ ಇಳಿದು ಬೀಡಿ ಹಚ್ಚತೀನ್ರಿ. ದಿನಾ. ಈಗ್ಲೂ ಕೈ ಜೇಬಿಗೇ ಹೋತು ನೋಡ್ರಿ."

"ಸಿದ್ದಾ, ಬಸ್ ಸ್ಟ್ಯಾಂಡಿಗೆ ಓಡೋ! ಹಾರ್ನ್ ರೆಕಾರ್ಡ್ ಮಾಡ್ಕೊಂಡು ಬಾ!"

ಸಿದ್ದ ಚಪ್ಪಲಿ ಮರೆತು ಓಡಿದ. ತಂದು ಹಾಕಿದರೆ ಮತ್ತೆ ಜಿಗಿತ, ಮತ್ತೊಮ್ಮೆ ಹಾಕಿದರೂ ಜಿಗಿತ! ಇನ್ನು ಚಿತ್ರ ಸಾಕು, ಅವರವರಿಗೆ ಚಟ ನೆನಪಿಸುವ ಸದ್ದು ಅವರವರಿಗೆ ಕೇಳಿಸೋಣ ಅಂತ ಕುಣಿದಾಡಿದ ಮೇಡಂ, "ಕಾಕಾ, ಇಂಥ ಮಿದುಳು ಜಗತ್ತಿನಲ್ಲೇ ಇಲ್ಲ" ಅಂದರು.

ಆ ಕೊನೆಯ ಮಾತೊಂದು ಮಾತ್ರ ನಾನು ಸೇರಿಸಿದ್ದು. ಅವರು ನಿಜವಾಗಿ ಅಂದದ್ದು, "ಕಾಕಾ, ಹಾರ್ನ್ ಕೇಳಿದಾಗ ಬೀಡಿ ಬದಲು ಶೇಂಗಾ ತಿನ್ರಿ" ಅಂತ. ತಿಂದೆ. ಈಗ ಹಾರ್ನ್ ಕೇಳಿದರೆ ಶೇಂಗಾನೂ ಬೇಕು, ಬೀಡಿನೂ ಬೇಕು.