ಕೆಟ್ಟ ಕ್ಯಾಪ್ಟನ್ನಿನ ದನಿ

ಗಿರಿಜಾಂಬಾ ಅವರನ್ನು ನೀವು ನೋಡಿರಲಿಕ್ಕಿಲ್ಲ, ಆದರೆ ಅವರು ಅಳುವುದನ್ನು ಖಂಡಿತ ಕೇಳಿದ್ದೀರಿ. ಕನ್ನಡ ಬಾರದ ಎಷ್ಟೋ ನಾಯಕಿಯರು ನಮ್ಮ ಸಿನಿಮಾಗಳಲ್ಲಿ ಅತ್ತದ್ದು ಇವರ ಗಂಟಲಿನಿಂದಲೇ. ನಾನು ಮಾಯಣ್ಣ, ಮಲ್ಲೇಶ್ವರಂ ಹನ್ನೊಂದನೇ ಕ್ರಾಸಿನ ಹಳೇ ಮನೆಯೊಂದರ ಮಹಡಿಯಲ್ಲಿರುವ ಡಬ್ಬಿಂಗ್ ಸ್ಟುಡಿಯೋದ ಸೌಂಡ್ ಇಂಜಿನಿಯರ್. ಗಾಜಿನ ಆಚೆ ಮೈಕಿನ ಮುಂದೆ ಅವರು, ಈಚೆ ನಾನು. ಹೀಗೆ ಇಪ್ಪತ್ತೆರಡು ವರ್ಷ ಕಳೆದಿದ್ದೇವೆ.

ಅವರ ತಂದೆಗೆ ಕಾಟನ್‌ಪೇಟೆಯಲ್ಲಿ ಹಗ್ಗ, ಗೋಣಿಚೀಲಗಳ ಸಗಟು ಅಂಗಡಿ ಇತ್ತು. ಬರುವ ಗಿರಾಕಿಗಳ ದನಿಯನ್ನೆಲ್ಲ ಅಣಕಿಸಿ ಬೈಸಿಕೊಂಡು ಬೆಳೆದವರು ಗಿರಿಜಕ್ಕ. ಈಗ ಅರವತ್ತರ ಹತ್ತಿರ ಬಂದಿದ್ದಾರೆ. ಮನೆ ಚಾಮರಾಜಪೇಟೆ. ಮಾರ್ಕೆಟ್ಟಿನಲ್ಲಿ ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯಲ್ಲಿ ಇಳಿದು, ಹಣೆಯ ವಿಭೂತಿ ಅಳಿಸದ ಹಾಗೆ ಬೆವರು ಒರೆಸಿಕೊಳ್ಳುತ್ತಾ ಹತ್ತು ಗಂಟೆಗೆ ಸರಿಯಾಗಿ ಬರುತ್ತಾರೆ. ಗಂಟಲಿಗೆ ಕೆಟ್ಟದ್ದೆಂದು ಕಾಫಿ ಮುಟ್ಟುವುದಿಲ್ಲ. ನಾನು ಕುಡಿದರೂ ಮೂಗು ಮುರಿಯುತ್ತಾರೆ.

ಆರು ವರ್ಷದಿಂದ ಅವರು ಒಂದು ವಿದೇಶಿ ಬಾಹ್ಯಾಕಾಶ ಧಾರಾವಾಹಿಯಲ್ಲಿ ಕ್ಯಾಪ್ಟನ್ ಡೋರೆನ್‌ಗೆ ಕನ್ನಡದ ದನಿಯಾಗಿದ್ದರು. ಡೋರೆನ್ ಬಹಳ ಒಳ್ಳೆಯವಳು, ಎಷ್ಟೆಂದರೆ ನನಗೆ ಅವಳನ್ನು ಕಂಡರೆ ಬೇಜಾರು. ಶತ್ರುಗಳನ್ನೂ ಕ್ಷಮಿಸುತ್ತಾಳೆ, ಕಣ್ಣೀರು ಬಂದರೂ ನಗುತ್ತಾಳೆ. ಗಿರಿಜಕ್ಕನಿಗೂ ಬೇಜಾರೇ. "ಮಾಯಣ್ಣ, ಒಂದೇ ಒಂದು ಸಲ ಯಾರನ್ನಾದ್ರೂ ನಡುಗಿಸ್ಬೇಕು ಕಣ್ರೀ" ಎಂದು ಎಷ್ಟು ಸಲ ಹೇಳಿದ್ದರೋ. ಮೂವತ್ತು ವರ್ಷದಲ್ಲಿ ಅವರಿಗೆ ಒಬ್ಬ ಕೆಟ್ಟ ಹೆಂಗಸೂ ಸಿಕ್ಕಿರಲಿಲ್ಲ.

ಇಂಥ ಧಾರಾವಾಹಿಗಳಿಗೆ ಒಂದು ಚಾಳಿ ಇದೆ. ಕಥೆ ಮುಂದಕ್ಕೆ ಹೋಗದಿದ್ದಾಗ ನೌಕೆ ಯಾವುದೋ ಬಿರುಗಾಳಿಗೆ ಸಿಕ್ಕಿ ಇನ್ನೊಂದು ಜಗತ್ತಿಗೆ ನುಗ್ಗುತ್ತದೆ. ಅಲ್ಲೂ ಅದೇ ನೌಕೆ, ಅದೇ ಜನ, ಆದರೆ ಎಲ್ಲರೂ ಕೆಟ್ಟವರು. ಜೀವ ಉಳಿಸುವ ಡಾಕ್ಟರು ಅಲ್ಲಿ ವಿಷ ಬೆರೆಸುತ್ತಾನೆ. ಗಂಡಸರಿಗೆಲ್ಲ ಗಡ್ಡ, ಹೆಂಗಸರಿಗೆಲ್ಲ ಮೈಗಂಟಿದ ಕಪ್ಪು ಬಟ್ಟೆ. ಕೆಟ್ಟವರಾಗಲು ಅಷ್ಟೇ ಸಾಕು ಅನ್ನುವ ಹಾಗೆ! ನಮ್ಮ ಧಾರಾವಾಹಿಗೂ ಆ ಗಾಳಿ ಬೀಸಿತು. ಮೂರು ಕಂತುಗಳಲ್ಲಿ ಕೆಟ್ಟ ಡೋರೆನ್ ಒಳ್ಳೆಯ ಡೋರೆನ್‌ಳನ್ನು ಸೆರೆಯಲ್ಲಿಟ್ಟು ಅವಳ ಕುರ್ಚಿಯಲ್ಲಿ ಕೂರುತ್ತಾಳೆ. ಮುಂದಿನ ಇಡೀ ವರ್ಷ ಅವಳದೇ ದರ್ಬಾರು. ಒಳ್ಳೆಯವಳಿಗೆ ಸೆರೆಮನೆಯಲ್ಲಿ ವಾರಕ್ಕೆ ನಾಲ್ಕು ಮಾತು, ಅದೂ ನಿಟ್ಟುಸಿರಿನ ಜೊತೆ.

ಗಿರಿಜಕ್ಕ ಹಬ್ಬ ಬಂದವರ ಹಾಗೆ ಸಿದ್ಧರಾದರು. ಮೂರೂ ಕಂತನ್ನು ಮನೆಯಲ್ಲಿ ಎರಡೆರಡು ಸಲ ನೋಡಿದರು, ಒಂದು ಹೊಸ ನಗುವನ್ನೂ ಅಭ್ಯಾಸ ಮಾಡಿದರು. ಆದರೆ ಡಬ್ಬಿಂಗ್ ನಿರ್ದೇಶಕ ಅಭಿನಂದನ್, "ಮೇಡಂ, ಕೆಟ್ಟವಳಿಗೆ ಬೇರೆ ವಾಯ್ಸ್ ಹಾಕೋಣ ಅಂತಿದೀನಿ. ಜನಕ್ಕೆ ಕನ್‌ಫ್ಯೂಸ್ ಆಗಬಾರ್ದಲ್ಲ" ಎಂದು ಆ ಪಾತ್ರವನ್ನು ಲಾಸ್ಯಾಗೆ ಕೊಟ್ಟುಬಿಟ್ಟ.

ಲಾಸ್ಯಾಗೆ ಇಪ್ಪತ್ತೇಳು ವರ್ಷ. ಜಾಹೀರಾತುಗಳಿಗೆ ದನಿ ಕೊಡುತ್ತಾ ಬಂದವಳು. ಈಗೆಲ್ಲ ಕಲಾವಿದರು ಒಟ್ಟಿಗೆ ನಿಂತು ಮಾತಾಡುವುದಿಲ್ಲ, ಒಬ್ಬೊಬ್ಬರೇ ಬಂದು ಹೇಳಿ ಹೋಗುತ್ತಾರೆ. ಹೀಗಾಗಿ ಲಾಸ್ಯಾ ಬೆಳಿಗ್ಗೆ ಹೇಳಿದ ಬೈಗುಳಕ್ಕೆ ಗಿರಿಜಕ್ಕ ಮಧ್ಯಾಹ್ನ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಉತ್ತರ ಕೊಡಬೇಕು. ಮೊದಲ ದಿನ ಕೇಳಿದಾಗಲೇ ಅವರ ಮುಖ ಗಂಟಿಕ್ಕಿತು. ಹುಡುಗಿ ಚೆನ್ನಾಗಿ ಮಾಡಿದ್ದಳು. ಚೆನ್ನಾಗಿ ಮಾಡಿರದಿದ್ದರೆ ಗಿರಿಜಕ್ಕ ಅವಳಿಗೆ ಒಬ್ಬಟ್ಟು ಮಾಡಿ ತಂದುಕೊಡುತ್ತಿದ್ದರು, ನನಗೆ ಗೊತ್ತು.

"ಕೂಗೋದೇ ಕೆಟ್ಟತನ ಅಂದ್ಕೊಂಡಿದಾಳೆ" ಎಂದರು. ಮಾರನೇ ದಿನ, "ಹಲ್ಲು ಕಚ್ಕೊಂಡು ಮಾತಾಡ್ತಾಳೆ, ಒತ್ತಕ್ಷರ ಎಲ್ಲಾ ನುಂಗ್ತಾಳೆ" ಎಂದರು. ಸಾಲದ್ದಕ್ಕೆ ಆ ಹುಡುಗಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಆಂಟಿ, ಚೆನ್ನಾಗಿದೀರಾ?" ಎಂದು ಬಾಯ್ತುಂಬ ನಗುತ್ತಾಳೆ. ಗಿರಿಜಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನವರು ಮುಚ್ಚಿಡಲೂ ಇಲ್ಲ. "ಹೌದು, ಹೊಟ್ಟೆಕಿಚ್ಚೇ. ನನ್ನ ಮುಖಕ್ಕೆ ಅವಳ ಬಾಯಿ ಇಟ್ರೆ ನಂಗೆ ಆಗದೆ ಇನ್ಯಾರಿಗೆ ಆಗ್ಬೇಕು?" ಎಂದರು. ಡೋರೆನ್‌ಳ ಮುಖವನ್ನು ಅವರು 'ನನ್ನ ಮುಖ' ಅನ್ನುವುದು ಮೊದಲಿಂದಲೂ ಇತ್ತು. ನಾನು ನಗಲಿಲ್ಲ. ನಾನು ಇಡೀ ದಿನ ಕೂತು ತೆಗೆಯುತ್ತಿದ್ದ ಗರಗರ ಸದ್ದನ್ನು ಒಂದು ಸಾಫ್ಟ್‌ವೇರ್ ಒಂದೇ ಕ್ಲಿಕ್ಕಿನಲ್ಲಿ ತೆಗೆದಾಗ ನನಗೆ ಆದದ್ದೂ ಅದೇ.

ಅಭಿನಂದನ್ ಮಾಡಿದ್ದು ದೊಡ್ಡ ತಪ್ಪು, ಅದು ಗಿರಿಜಕ್ಕನಿಗೆ ಮೊದಲ ದಿನವೇ ಗೊತ್ತಾಗಿತ್ತು. ಮೂರನೇ ಕಂತಿನಲ್ಲಿ ಕೆಟ್ಟವಳು ಒಳ್ಳೆಯವಳ ವೇಷದಲ್ಲಿ ನೌಕೆಗೆ ಬರುತ್ತಾಳೆ, ಯಾರಿಗೂ ಅನುಮಾನ ಬರುವುದಿಲ್ಲ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಬ್ಬಳೇ ನಟಿ, ಒಂದೇ ದನಿ, ತೊಂದರೆಯಿಲ್ಲ. ಕನ್ನಡದಲ್ಲಿ ಅವಳು ಲಾಸ್ಯಾಳ ದನಿಯಲ್ಲಿ ಬಾಯಿ ತೆರೆದರೆ ಮನೆಯಲ್ಲಿ ಬಟಾಣಿ ಬಿಡಿಸುತ್ತಾ ನೋಡುವ ಅಜ್ಜಿಗೂ ಗೊತ್ತಾಗುತ್ತದೆ. "ಬೀಳ್ಲಿ ಹಳ್ಳಕ್ಕೆ. ನಾನ್ಯಾಕೆ ಹೇಳ್ಲಿ?" ಎಂದು ಹತ್ತು ದಿನ ಆ ಗುಟ್ಟನ್ನು ಬಾಯಿಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದರು. ಯಾರಿಗೂ ಹೇಳಬಾರದೆಂದು ನನ್ನಿಂದಲೂ ಆಣೆ ಹಾಕಿಸಿದ್ದರು.

ಮೂರನೇ ಕಂತು ಕೈಗೆತ್ತಿಕೊಂಡ ದಿನ ಅಭಿನಂದನ್ ತಲೆ ಮೇಲೆ ಕೈಹೊತ್ತು ಕೂತ. ಕೊನೆಗೆ ಒಂದು ದಾರಿ ಹುಡುಕಿದ. "ಇಬ್ರೂ ಆ ಸೀನ್ ಮಾಡಿ. ಒಳ್ಳೆಯವಳ ಥರ ನಟಿಸೋ ಕೆಟ್ಟವಳು ಯಾರ ಬಾಯಲ್ಲಿ ನಂಬೋ ಹಾಗೆ ಬರುತ್ತೋ, ಕೆಟ್ಟ ಡೋರೆನ್ ಪೂರ್ತಿ ಅವರದ್ದು. ಮುಂದಿನ ವರ್ಷದ್ದೂ ಅವರದ್ದೇ" ಎಂದ.

ಒಂದೇ ಸಾಲು. ಕೆಟ್ಟವಳು ಮುದುಕ ಡಾಕ್ಟರ ಕೈ ಹಿಡಿದು, "ನಾನು ನಿಮಗೆ ಯಾವತ್ತಾದರೂ ಸುಳ್ಳು ಹೇಳಿದ್ದೇನೆಯೇ?" ಎಂದು ಕೇಳಬೇಕು. ಲಾಸ್ಯಾ ಹನ್ನೊಂದಕ್ಕೆ ಬಂದು ಹೇಳಿ ಕೆಳಗೆ ತಿಂಡಿಗೆ ಹೋದಳು. ಆಮೇಲೆ ಗಿರಿಜಕ್ಕ ಕಣ್ಣು ಮುಚ್ಚಿ ಒಂದು ನಿಮಿಷ ನಿಂತು ಹೇಳಿದರು. ಹೊರಗೆ ಬಂದು, "ಇಬ್ಬರದ್ದೂ ಕೇಳಿಸಿ, ಹೆಸರು ಹೇಳ್ಬೇಡಿ. ಎರಡೂ ಕೇಳಿ ನಾನೇ ಹೇಳ್ತೀನಿ, ಯಾವುದು ಯಾರದ್ದು, ಯಾಕೆ ಅಂತ. ಈ ಹುಡುಗನೂ ಸ್ವಲ್ಪ ಕಲೀಲಿ" ಎಂದು ಅಭಿನಂದನ್ ಕಡೆ ಬೆರಳು ತೋರಿಸಿದರು.

ನಾನು ಹೆಸರು ಹೇಳದೆ, ತೋಚಿದ ಕ್ರಮದಲ್ಲಿ, ಮೊದಲನೆಯದನ್ನು ಹಾಕಿದೆ. ಅವರು ಅರ್ಧಕ್ಕೇ ತಲೆ ಅಲ್ಲಾಡಿಸಿದರು.

"ನೋಡಿದ್ರಾ? ನನ್ನ ಥರ ಮಾತಾಡೋಕೆ ಹೋಗಿ ಸಿಕ್ಕಾಕೊಂಡಿದಾಳೆ. ಪ್ರತಿ ಮಾತಲ್ಲೂ ವಿಷ ಹಿಂಡಿದಾಳೆ. ಇಂಥವಳನ್ನ ಯಾವ ಡಾಕ್ಟರು ನಂಬ್ತಾನೆ? ಮುಂದಿಂದು ಹಾಕಿ."

ಎರಡನೆಯದನ್ನು ಹಾಕಿದೆ. ಅವರ ಮುಖ ಮೆಲ್ಲಗೆ ಅರಳಿತು. ಇನ್ನೊಮ್ಮೆ ಹಾಕಿಸಿಕೊಂಡರು.

"ಇದು. 'ಯಾವತ್ತಾದರೂ' ಅನ್ನೋಕೆ ಮುಂಚೆ ಆ ಸಣ್ಣ ಉಸಿರು ಕೇಳಿಸ್ತಾ? ಆರು ವರ್ಷದಿಂದ ಡೋರೆನ್ ಹಂಗೇ ಉಸಿರು ತಗೊಳ್ಳೋದು. ಕೆಟ್ಟತನ ಎಲ್ಲೂ ಕಾಣ್ಸಲ್ಲ, ಅದಕ್ಕೇ ಭಯ ಆಗುತ್ತೆ. ಇದು ಹೇಳ್ಕೊಟ್ರೆ ಬರೋದಲ್ಲ, ಅಭಿನಂದನ್. ಮೂವತ್ತು ವರ್ಷ ಬೇಕು."

ನಾನು ಸ್ಕ್ರೀನ್ ನೋಡಿದೆ. ಅಭಿನಂದನ್ ನನ್ನನ್ನು ನೋಡಿದ. ಹೇಳುವ ಧೈರ್ಯ ಅವನಿಗಿರಲಿಲ್ಲ.

"ಅಕ್ಕಾ, ಅದು ಲಾಸ್ಯಾದು" ಎಂದೆ.

ಅವರು ನಂಬಲಿಲ್ಲ. ಎದ್ದು ಬಂದು ಕನ್ನಡಕ ಸರಿ ಮಾಡಿಕೊಂಡು ಫೈಲಿನ ಹೆಸರನ್ನು ತಾವೇ ಓದಿದರು. ಮೊದಲನೆಯದನ್ನು ಮತ್ತೆ ಹಾಕಿಸಿ ಪೂರ್ತಿ ಕೇಳಿದರು. ಮೂವತ್ತು ವರ್ಷದಿಂದ ಕೂಡಿಟ್ಟಿದ್ದ ವಿಷವನ್ನೆಲ್ಲ ಅವರು, ತಮ್ಮ ದನಿ ತಮಗೇ ಗುರುತು ಸಿಗದಷ್ಟು, ಒಂದೇ ಸಾಲಿಗೆ ಸುರಿದುಬಿಟ್ಟಿದ್ದರು. ಹುಡುಗಿ ಬೇರೇನೂ ಮಾಡಿರಲಿಲ್ಲ, ಗಿರಿಜಾಂಬಾ ಅವರ ಹಾಗೆ ಮಾತಾಡಿದ್ದಳು, ಅಷ್ಟೆ.

"ನಂದು ಅಳಿಸ್ಬಿಡಿ, ಮಾಯಣ್ಣ" ಎಂದರು. "ಅಕ್ಕಾ, ಇರ್ಲಿ ಬಿಡಿ..." ಎನ್ನುವಷ್ಟರಲ್ಲಿ, "ಅಳಿಸಿ ಅಂದೆ" ಎಂದು ಗದರಿದರು. ಅಳಿಸಿದೆ.

ಲಾಸ್ಯಾ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. "ಆಂಟಿ, ನಿಮ್ಮದು ಒಂದ್ಸಲ ಕೇಳ್ಬಹುದಾ? ಪ್ಲೀಸ್."

"ನಾನು ಹೇಳಿದ್ರೆ ತಾನೇ ಕೇಳೋದು?" ಎಂದರು ಗಿರಿಜಕ್ಕ, ಚೀಲ ಹೆಗಲಿಗೇರಿಸುತ್ತಾ. "ನಿಂದು ಕೇಳ್ದೆ, ಸಾಕು ಅನ್ನಿಸ್ತು. ಆ ಪಾತ್ರ ನಿಂಗೇ ಬಿಟ್ಕೊಟ್ಟಿದೀನಿ."

ಅಭಿನಂದನ್ ಮೊಬೈಲಿನಲ್ಲಿ ಮುಖ ಹುದುಗಿಸಿದ. ನಾನು ವೈರು ಸುತ್ತತೊಡಗಿದೆ. ಲಾಸ್ಯಾಳ ಕಣ್ಣು ತುಂಬಿ ಬಂತು. ಅವಳು ಬಗ್ಗಿ ಗಿರಿಜಕ್ಕನ ಕಾಲು ಮುಟ್ಟಿದಳು.

ಅವರ ಕೈ ಮೇಲೆದ್ದು ಅಲ್ಲೇ ನಿಂತಿತು. ಹುಡುಗಿ ಏಳಲಿಲ್ಲ, ಕಾಯುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಗಿರಿಜಕ್ಕ ಅವಳ ತಲೆಯ ಮೇಲೆ ಕೈಯಿಟ್ಟು, "ಒಳ್ಳೇದಾಗ್ಲಿ" ಎಂದರು.