ಆ ಕಡೆಯ ಕ್ಯಾಮೆರಾ

“ನಿಮ್ಮ ಮುಖ ಕಾಣ್ತಿಲ್ಲ ಸಾರ್,” ಎಂದು ನನ್ನ ತಂಗಿ ಮೂರನೇ ಸಲ ಹೇಳಿದಳು. ಲ್ಯಾಪ್‌ಟಾಪ್ ಪರದೆಯಲ್ಲಿ ಅಧಿಕಾರಿಯ ಜಾಗ ಪೂರ್ತಿ ಕಪ್ಪಾಗಿತ್ತು. ಕಡೂರಿನ ಒಂದು ಖಾಸಗಿ ಕಚೇರಿಯ ಕಂಪ್ಯೂಟರ್ ಕೆಲಸಕ್ಕೆ ವಿಡಿಯೊ ಕರೆಯಲ್ಲಿ ಸಂದರ್ಶನ. ತಂಗಿಗೆ ಕಿವಿ ಕೇಳುವುದಿಲ್ಲ. ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾಳೆ. ಅದನ್ನು ಅರ್ಜಿಯಲ್ಲೇ ಬರೆದಿದ್ದಳು. ಬೇರೆಯವರು ನೆರವಾಗಬಾರದೆಂಬ ನಿಯಮವಿದ್ದುದರಿಂದ ಪ್ರಶ್ನೆಗಳನ್ನು ನಾನು ಹೇಳಿಕೊಡುವಂತಿರಲಿಲ್ಲ.

“ತೊಂದರೆ ನಿಮ್ ಕಡೇನೇ ಇರಬೇಕು, ಸೆಟ್ಟಿಂಗ್ಸ್ ನೋಡ್ಕೊಳ್ಳಿ,” ಎಂದರು ಅವರು. ಪಕ್ಕದಲ್ಲಿ ಕೂತಿದ್ದ ನಾನು ಕರೆ ಕಟ್ ಮಾಡಿ ಮತ್ತೆ ಸೇರಿಸಿದೆ, ಲ್ಯಾಪ್‌ಟಾಪನ್ನೇ ಆರಿಸಿ ಮತ್ತೆ ಹಾಕಿದೆ, ವೈಫೈ ಬಿಟ್ಟು ಮೊಬೈಲಿನ ಇಂಟರ್‌ನೆಟ್ ಕೊಟ್ಟೆ. ಕಾಲು ಗಂಟೆ ಹೋಯಿತು. ನಮ್ಮ ಮುಖ ಚೆನ್ನಾಗಿಯೇ ಕಾಣುತ್ತಿತ್ತು, ಅವರದು ಮಾತ್ರ ಕಪ್ಪು. ತಂಗಿ ಕಣ್ಣು ತುಂಬಿಕೊಂಡು ಗಡಿಯಾರ ನೋಡತೊಡಗಿದಳು. ನನಗೆ ತಡೆಯಲಾಗಲಿಲ್ಲ. “ಮೊದ್ಲು ನಿಮ್ ಕ್ಯಾಮೆರಾ ಆನ್ ಐತಾ ನೋಡ್ರೀ ಸಾರ್!” ಎಂದು ಕೂಗಿಬಿಟ್ಟೆ.

ಆ ಕಡೆಯಿಂದ ನಗು ಕೇಳಿಸಿತು. “ಶೇವ್ ಮಾಡಿರಲಿಲ್ಲ ಕಣ್ರೀ, ಅದಕ್ಕೇ ಆಫ್ ಮಾಡ್ಕೊಂಡಿದ್ದೆ. ಹಾಕ್ತೀನಿ ಬಿಡಿ.” ಮರುಕ್ಷಣವೇ ಅವರ ಮುಖ ಮೂಡಿತು.

ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದೆ. ತಂಗಿ ನನ್ನತ್ತ ತಿರುಗಿ “ಏನಂದ್ರಣ್ಣ?” ಎಂದಳು. “ಅವರ ಕ್ಯಾಮೆರಾ ಕೆಟ್ಟಿತ್ತಂತೆ ಕಣೇ, ಈಗ ಸರಿಮಾಡಿದ್ರು,” ಎಂದೆ. ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ಕೂತು ಎಲ್ಲ ಪ್ರಶ್ನೆಗೂ ಉತ್ತರಿಸಿದಳು.

ಕೆಲಸ ಸಿಕ್ಕಿತು. ತನಗಾಗಿ ಅಷ್ಟು ಕಷ್ಟಪಟ್ಟು ಕ್ಯಾಮೆರಾ ಸರಿಮಾಡಿದ ಒಳ್ಳೆಯ ಮನುಷ್ಯ ಎಂದು ತಂಗಿ ಇವತ್ತಿಗೂ ಆತನನ್ನು ಹೊಗಳುತ್ತಾಳೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಸುಳ್ಳು ಹೇಳಿ ಆತನ ಮಾನ ಉಳಿಸಿದವನು ನಾನೇ.