ಆಕ್ಷೇಪ ಇದೆಯೇ?

ಹಳೆಯ ಹೆಡ್‌ಫೋನಿನ ಸ್ಪಂಜು ನಿನ್ನೆ ಕೈಯಲ್ಲೇ ಪುಡಿಯಾಯಿತು. ಅದರ ಜೊತೆ ಮೆಣಸಿನಕಾಯಿ ಘಾಟೂ ಬಂತು ಎಂದು ಬರೆಯಹೊರಟೆ, ಸುಳ್ಳು. ರಾಣೆಬೆನ್ನೂರಿನ ಸ್ಟೇಷನ್ ಕಡೆಯ ಆ ಇಂಟರ್ನೆಟ್ ಅಂಗಡಿಯಲ್ಲಿ ಮೆಣಸಿನಕಾಯಿ ಇರಲೇ ಇಲ್ಲ. ಅಂಗಡಿ ನಡೆಸುತ್ತಿದ್ದ ಅಕ್ಕ ಬ್ಯಾಡಗಿಯ ಮೆಣಸಿನಕಾಯಿ ದಲಾಲಿಯೊಬ್ಬರ ಮಗಳು, ಅಷ್ಟಕ್ಕೇ ನೆನಪು ಘಾಟು ಬೆರೆಸಿಕೊಂಡಿದೆ. ನಿಜವಾಗಿ ಇದ್ದದ್ದು ಆಕೆ ಕರ್ಚೀಫು ಸುತ್ತಿಡುತ್ತಿದ್ದ, ಆಮೇಲೆ ನನ್ನ ಬಳಿ ಉಳಿದ ಈ ಹೆಡ್‌ಫೋನು.

ಎರಡು ಸಾವಿರದ ಆಚೀಚೆಯ ವರ್ಷಗಳು... ಅಲ್ಲ, ಇನ್ನೂ ಸ್ವಲ್ಪ ಈಚೆಗೆ. ವೆಬ್ ವಿಳಾಸಗಳನ್ನು ದೇಶದ ಬೇರೆ ಬೇರೆ ಲಿಪಿಗಳಲ್ಲಿ ಬರೆಯಲು ನಿಯಮ ರೂಪಿಸುವ ಕಾರ್ಯಗುಂಪೊಂದು ಇತ್ತು. ತುಂಬ ಎಂಜಿನಿಯರುಗಳು, ಅಧಿಕಾರಿಗಳು. ಬಳಸುವವರಿಗೂ ಜಾಗ ಬೇಕೆಂಬ ಕೂಗೆದ್ದಾಗ ಸಣ್ಣ ಊರಿನವರನ್ನೂ ಕರೆದರು, ಅಕ್ಕ ಸದಸ್ಯೆಯಾದಳು. ಸಭೆ ಇಂಟರ್ನೆಟ್ ಕರೆಯಲ್ಲಿ, ಇಂಗ್ಲಿಷಿನಲ್ಲಿ. ನಾನು ಹಾವೇರಿಯಿಂದ ಬಸ್ಸಿಗೆ ಬಂದು ಪಕ್ಕದಲ್ಲಿ ಕೂತು ಅನುವಾದಿಸುತ್ತಿದ್ದೆ.

"ಕುಪ್ಪೇಲೂರು ಹುಡುಗ್ಯಾರು ರಿಸಲ್ಟ್ ನೋಡಾಕ ಬಂದು, ಇಂಗ್ಲಿಷ್ ವಿಳಾಸ ಹೊಡ್ಯಾಕ ಬರಂಗಿಲ್ಲಂತ ಕೀಬೋರ್ಡ್ ನನ್ನ ಕಡೆ ನೂಕ್ತಾರ್ರಿ ಸರ. ಅವ್ರ ಕೈಯಿಂದನ ವಿಳಾಸ ಹೊಡಸಬೇಕು. ಅದಕ್ಕ ಇಲ್ಲಿ ಕುಂತೇನಿ," ಎನ್ನುತ್ತಿದ್ದಳು.

ಒಂದು ಸಭೆಯ ಕೊನೆಗೆ ಅಧ್ಯಕ್ಷರು, ಅನುವಾದದಿಂದ ತಡವಾಗುತ್ತಿದೆ, ಇನ್ನು ಮುಂದೆ ಇಂಗ್ಲಿಷ್ ಮಾತ್ರ ಇರಲಿ, ಆಕ್ಷೇಪ ಇದೆಯೇ ಎಂದು ಕೇಳಿದರು. ಅದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅಕ್ಕ ತುಟಿ ಬಿಗಿದು, ಕೈಕಟ್ಟಿ, ಕುರ್ಚಿಗೆ ಒರಗಿದಳು. ಯೋಚಿಸುತ್ತಿದ್ದಾಳೆ ಅಂದುಕೊಂಡೆ. ಕರೆ ಮುಗಿಯಿತು.

ಯಾರೂ ಆಕ್ಷೇಪಿಸದ್ದರಿಂದ ನಿಯಮದಂತೆ ಎಲ್ಲರೂ ಒಪ್ಪಿದರು ಎಂದು ಇಮೇಲ್ ಬಂತು.

"ನಾ ಯಾವಾಗ ಒಪ್ಪೇನ್ರಿ?" ಅಕ್ಕ ಸಿಟ್ಟಾದಳು. "ನಮ್ಮಪ್ಪನ ಅಂಗಡ್ಯಾಗ ರೇಟ್ ಹೇಳಿದಾಗ ರೈತ ಸುಮ್ಮ ನಿಂತ್ನಂದ್ರ ಮಾಲು ಕೊಡಂಗಿಲ್ಲ ಅಂತ. ಕೊಡಾಂವ ಬಾಯಿಬಿಟ್ಟು ಆತು ಅಂತಾನ. ಸುಮ್ಮ ಇದ್ದವ್ರ ಮಾಲು ಎತಗೊಂಡು ಹೋಗೂ ಪ್ಯಾಟಿ ಯಾವೂರಾಗ ಐತ್ರಿ?"

ಪತ್ರ ಬರೆದೆವು. ನಿರ್ಧಾರ ಆಗಿಹೋಗಿದೆ, ಬೇಕಾದರೆ ಮುಂದಿನ ಸಭೆಯಲ್ಲಿ ಎತ್ತಿ ಎಂಬ ವಿನಯದ ಉತ್ತರ. ಆದರೆ ಅನುವಾದವೇ ರದ್ದಾಗಿದ್ದರಿಂದ ಆ ಸಭೆಯಲ್ಲಿ ನಾನು ಬಾಯಿ ತೆರೆಯುವಂತಿರಲಿಲ್ಲ.

ಆ ದಿನ ಅಕ್ಕ ಕರ್ಚೀಫು ಬಿಚ್ಚಿ ಹೆಡ್‌ಫೋನು ಹಾಕಿಕೊಂಡು ಅರ್ಥವಾಗದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ 'ಆಬ್ಜೆಕ್ಷನ್' ಎಂಬ ಒಂದು ಶಬ್ದಕ್ಕೆ ಕಾದಿದ್ದವಳಂತೆ ಮೈಕು ಎಳೆದುಕೊಂಡು, "ಐತ್ರಿ! ನಾ ಒಪ್ಪಂಗಿಲ್ಲ. ನಮಗ ತಿಳಿಯೂ ಹಂಗ ಮಾತಾಡ್ರಿ," ಎಂದಳು.

ಆ ಕಡೆ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಎಲ್ಲ ನಿಶ್ಶಬ್ದ.

ಅಕ್ಕ ನನ್ನತ್ತ ತಿರುಗಿ ನಕ್ಕಳು. "ನೋಡ್ರಿ ಸರ, ಎಲ್ಲಾರೂ ಗಪ್ಪಾದ್ರು. ಅವ್ರ ರೂಲ್ ಪ್ರಕಾರ ಒಪ್ಪಿಬಿಟ್ರು!"

ವರದಿಯಲ್ಲಿ ಅದು 'ಲೈನಿನಲ್ಲಿ ತೊಂದರೆ' ಎಂದು ದಾಖಲಾಯಿತು. ಅದನ್ನು ಓದಿ ಹೇಳಿದಾಗಲೂ ಆಕೆ ನಕ್ಕಳೇ?... ನಕ್ಕಳು ಎಂದು ಬರೆದರೆ ನನಗೆ ಸುಲಭ. ಆಮೇಲೆ ಆಕೆ ಕರೆಗೆ ಕೂರಲಿಲ್ಲ.

ಈಗ ಕನ್ನಡದಲ್ಲೂ ವಿಳಾಸ ಬರೆಯಬಹುದಂತೆ. ಅಂಗಡಿ ಇಲ್ಲ. ಅಕ್ಕನೂ ಇಲ್ಲ.

ನಿನ್ನೆಯ ಆನ್‌ಲೈನ್ ಸಭೆಯಲ್ಲೂ ಯಾರೋ ಆಕ್ಷೇಪ ಇದೆಯೇ ಎಂದರು. ಸ್ಪಂಜಿನ ಕರಿಯ ಪುಡಿ ಹತ್ತಿದ ಬೆರಳಲ್ಲಿ ನಾನು ಮೈಕಿನ ಗುಂಡಿ ಹುಡುಕುವಷ್ಟರಲ್ಲಿ ಎಲ್ಲರೂ ಒಪ್ಪಿಯಾಗಿತ್ತು.